ಸೊನ್ನೆ ಬರೆದ ಆಸ್ಪತ್ರೆಯ ತಪಾಸಣೆಯೇ ಮೊದಲಾಗಲಿ

ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್‌ 21ರಂದು ಜಾರಿಗೆ ಬಂದಾಗ ಕೇಂದ್ರ ಸರ್ಕಾರ ಎತ್ತಿ ತೋರಿಸಿದ ಕೊಡುಗೆಗಳಲ್ಲಿ ಒಂದು, 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ. ಒಳ್ಳೆಯದೇ. ಆದರೆ ರಾತ್ರಿ ಪಾಳಿಯಲ್ಲಿ ಮೂರು ವಾರ್ಡು ನೋಡಿಕೊಳ್ಳುವ 23ರ ಸ್ಟಾಫ್‌ ನರ್ಸ್‌ಗೆ, ಆಸ್ಪತ್ರೆಯ ತ್ಯಾಜ್ಯದ ಹಳದಿ ಚೀಲ ಹೊರುವ ಹೊರಗುತ್ತಿಗೆಯ ಹುಡುಗನಿಗೆ ಇದರಿಂದ ದಕ್ಕುವುದು ಏನೂ ಇಲ್ಲ. ರೋಗಿಯ ರಕ್ತ ಮೆತ್ತಿದ ಸೂಜಿ ಬೆರಳಿಗೆ ಚುಚ್ಚಿದರೆ ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾಗಬೇಕು, ಹೆಚ್ಚೆಂದರೆ 72 ಗಂಟೆ. ವರ್ಷದ ತಪಾಸಣೆ ಅಲ್ಲಿಗೆ ಮುಟ್ಟುವುದಿಲ್ಲ.

ಆ ನಾಲ್ಕರಲ್ಲಿ ಒಂದಾದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯ ಮೂರನೇ ಅನುಸೂಚಿ ತೆಗೆದು ನೋಡಿ. ಮಾಲೀಕ ಕಡ್ಡಾಯವಾಗಿ ವರದಿ ಮಾಡಬೇಕಾದ 29 ರೋಗಗಳು ಅಲ್ಲಿವೆ. ಸೀಸದ ವಿಷ ಇದೆ, ಪಾದರಸದ ವಿಷ ಇದೆ, ಸಿಲಿಕೋಸಿಸ್‌ ಇದೆ, ಆಂಥ್ರಾಕ್ಸ್‌ ಕೂಡ ಇದೆ. ಹೆಪಟೈಟಿಸ್‌ ಬಿ ಇಲ್ಲ, ಸಿ ಇಲ್ಲ, ಎಚ್‌ಐವಿ ಇಲ್ಲ. ಹಳೆಯ ಕಾರ್ಖಾನೆ ಕಾಯ್ದೆಯ ಪಟ್ಟಿಯೇ ಇಲ್ಲಿಗೆ ಇಳಿದು ಬಂದಿದೆ. ಆಸ್ಪತ್ರೆಯೂ ಜನ ಬೆವರು ಸುರಿಸುವ ಜಾಗ ಎಂಬುದು ಪಟ್ಟಿ ಬರೆದವರ ಗಮನಕ್ಕೇ ಬಂದಂತಿಲ್ಲ.

ಇದನ್ನು ಬರಿಯ ಮರೆವು ಎಂದು ಬಿಟ್ಟುಬಿಡಬಹುದಿತ್ತು, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಇಲ್ಲದಿದ್ದರೆ. ಆ ವರ್ಷ ಮಾರ್ಚ್‌ 28ರಂದು ಹೊರಬಿದ್ದ ನಿಯಮಗಳಲ್ಲಿ ‘ದೊಡ್ಡ ಅಪಘಾತ’ ಎಂದರೇನು ಎಂಬ ವಿವರಣೆ ಇದೆ. ತ್ಯಾಜ್ಯ ಸಾಗಿಸುವ ಲಾರಿ ಮಗುಚಿದರೆ ದೊಡ್ಡ ಅಪಘಾತ. ಕೆರೆಗೋ ಹೊಳೆಗೋ ತ್ಯಾಜ್ಯ ಸೇರಿದರೆ ದೊಡ್ಡ ಅಪಘಾತ. ಸೂಜಿ ಚುಚ್ಚಿದ ಗಾಯ ಮತ್ತು ಪಾದರಸ ಚೆಲ್ಲಿದ್ದು ಇದರಲ್ಲಿ ಸೇರುವುದಿಲ್ಲ. ಮೌನದಿಂದ ಬಿಟ್ಟದ್ದಲ್ಲ, ಹೆಸರಿಟ್ಟು ಕರೆದು ಹೊರಗೆ ಕಳುಹಿಸಿದ್ದು. ದೊಡ್ಡ ಅಪಘಾತವಾದರೆ 24 ಗಂಟೆಯೊಳಗೆ ನಮೂನೆ 1ರಲ್ಲಿ ವರದಿ ಹೋಗಬೇಕು. ಉಳಿದದ್ದೆಲ್ಲ ವಾರ್ಷಿಕ ವರದಿಯ ಪಾಲು.

ವಾರ್ಷಿಕ ವರದಿಯಲ್ಲಿ ಏನು ಕೇಳುತ್ತಾರೆ? ವರ್ಷದಲ್ಲಿ ಆದ ಅಪಘಾತಗಳೆಷ್ಟು, ತೊಂದರೆಗೊಳಗಾದವರೆಷ್ಟು, ಕೈಗೊಂಡ ಕ್ರಮವೇನು, ಸಾವು ಆಗಿದೆಯೇ. ಮುಗಿಯಿತು. ಯಾವ ಸೂಜಿ, ಯಾವ ಹೊತ್ತು, ಯಾರ ಕೈ ಎಂಬ ಪ್ರಶ್ನೆ ಇಲ್ಲ. ಜೂನ್‌ 30ರೊಳಗೆ ಇದು ಸಲ್ಲಿಕೆಯಾಗುವುದು ಮಾಲಿನ್ಯ ನಿಯಂತ್ರಣ ಮಂಡಳಿಗೆ. ಹೊಗೆ, ಕೊಳಚೆನೀರು ಅಳೆಯುವ ಮಂಡಳಿಯ ಅಧಿಕಾರಿ ಒಬ್ಬ ನರ್ಸಿನ ಬೆರಳಿನ ಗಾಯ ಇಟ್ಟುಕೊಂಡು ಮಾಡುವುದಾದರೂ ಏನನ್ನು? ಒಟ್ಟು ಮಾಡಿ ಜುಲೈ ಕೊನೆಗೆ ಕೇಂದ್ರ ಮಂಡಳಿಗೆ ಕಳುಹಿಸುತ್ತಾನೆ, ಅಷ್ಟೇ. ಇನ್ನೊಂದು ತೊಡಕೂ ಇದೆ. ಇವು ತ್ಯಾಜ್ಯದ ನಿಯಮಗಳು. ರೋಗಿಯ ತೋಳಿನಿಂದ ರಕ್ತ ತೆಗೆಯುವಾಗ ಚುಚ್ಚಿದ ಸೂಜಿ ಆ ಕ್ಷಣಕ್ಕೆ ಇನ್ನೂ ತ್ಯಾಜ್ಯವಾಗಿರುವುದಿಲ್ಲ. ಹಾಗಾಗಿ ಹಾಸಿಗೆಯ ಪಕ್ಕದಲ್ಲಾದ ಗಾಯವನ್ನು ಬರೆಯದೆ ಬಿಟ್ಟ ಆಸ್ಪತ್ರೆ ನಿಯಮದ ಅಕ್ಷರ ಹಿಡಿದು ವಾದಿಸಿದರೆ ಗೆಲ್ಲಲೂಬಹುದು.

ಆ ಕಾಲಂನಲ್ಲಿ ‘ಸೊನ್ನೆ’ ಎಂದೋ ‘ನಿಲ್‌’ ಎಂದೋ ಬರೆದು ಕೊಟ್ಟರೆ ಯಾರೂ ಯಾಕೆಂದು ಕೇಳುವುದಿಲ್ಲ. ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ಇಡೀ ವರ್ಷ ಒಬ್ಬರ ಕೈಗೂ ಸೂಜಿ ತಾಗಲಿಲ್ಲ ಎಂದರೆ ನಾನು ನಂಬುವುದಿಲ್ಲ. ಅಲ್ಲಿ ಗಾಯ ಆಗಲಿಲ್ಲ ಎಂದಲ್ಲ, ಹೇಳಿಕೊಳ್ಳುವ ಧೈರ್ಯ ಯಾರಿಗೂ ಆಗಲಿಲ್ಲ ಎಂದು ಓದಿಕೊಳ್ಳಬೇಕು. ತಪಾಸಣಾ ತಂಡ ಮೊದಲು ಹೋಗಬೇಕಾದದ್ದು ಅಲ್ಲಿಗೆ. ನಲವತ್ತು ಗಾಯ ಬರೆದ ಆಸ್ಪತ್ರೆಗಲ್ಲ.

ಈ ವಿಷಯ ಎತ್ತಿದ ಕೂಡಲೇ ಎಲ್ಲರೂ ಒಪ್ಪಿಸುವ ಒಂದು ಅಂಕಿ ಇದೆ: ಜಗತ್ತಿನ ಮೂರೂವರೆ ಕೋಟಿ ಆರೋಗ್ಯ ಸಿಬ್ಬಂದಿಯಲ್ಲಿ ವರ್ಷಕ್ಕೆ 30 ಲಕ್ಷ ಮಂದಿಗೆ ಸೂಜಿ, ಬ್ಲೇಡು ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಅಂದಾಜು ಅದು. ಭಾಷಣಕ್ಕೆ ಚೆನ್ನ, ವಾರ್ಡಿಗೆ ನಿರುಪಯೋಗಿ. ನನಗೆ ಮುಖ್ಯವೆನಿಸುವ ಅಂಕಿ ಇನ್ನೂ ಹಳೆಯದು, ತೀರ ಚಿಕ್ಕದು, ಇಲ್ಲಿನ ಚರ್ಚೆಗಳಲ್ಲಿ ಯಾರೂ ಎತ್ತದ್ದು.

1988ರಲ್ಲಿ ‘ನ್ಯೂ ಇಂಗ್ಲೆಂಡ್‌ ಜರ್ನಲ್‌ ಆಫ್‌ ಮೆಡಿಸಿನ್‌’ನಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಜೆನೀನ್‌ ಜಾಗರ್‌ ಮತ್ತು ಸಂಗಡಿಗರ ಒಂದು ಅಧ್ಯಯನ ಬಂತು. ಒಂದೇ ಆಸ್ಪತ್ರೆ, 326 ಗಾಯ. ಬರೇ ಎಣಿಸಿ ನೋಡಿದರೆ ಮೊದಲ ಆರೋಪಿ ಬಿಸಾಡುವ ಸಿರಿಂಜ್‌. ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು ಗಾಯ ಅದರ ಲೆಕ್ಕಕ್ಕೇ ಬೀಳುತ್ತಿತ್ತು. ನಮ್ಮ ಸಮಿತಿಗಳಾಗಿದ್ದರೆ ಅಲ್ಲಿಗೇ ಕಡತ ಮುಚ್ಚಿ, ಸಿರಿಂಜ್‌ ಜೋಪಾನ ಎಂದು ಸುತ್ತೋಲೆ ಕಳುಹಿಸಿರುತ್ತಿದ್ದವು. ಜಾಗರ್‌ ಅವರ ತಂಡ ಆಸ್ಪತ್ರೆ ಖರೀದಿಸಿದ ಸಾಮಗ್ರಿಯ ಲೆಕ್ಕ ತರಿಸಿ ಭಾಗಿಸಿತು. ಲಕ್ಷ ಸಿರಿಂಜಿಗೆ 6.9 ಗಾಯ. ಡ್ರಿಪ್‌ ನಳಿಕೆಯ ತುದಿಗೆ ಸಿಕ್ಕಿಸುವ ಸೂಜಿಗಳಲ್ಲಿ ಲಕ್ಷಕ್ಕೆ 36.7.

ಐದು ಪಟ್ಟಿಗೂ ಹೆಚ್ಚು. ಅದಕ್ಕಿಂತ ಮುಖ್ಯ, ಆ ಎರಡನೆಯ ಸೂಜಿಯ ಕೆಲಸವೇನು ಎಂಬುದು. ಅದು ರೋಗಿಯ ಚರ್ಮ ಚುಚ್ಚಬೇಕಾಗಿಯೇ ಇರಲಿಲ್ಲ. ಒಂದು ನಳಿಕೆಯನ್ನು ಇನ್ನೊಂದಕ್ಕೆ ಜೋಡಿಸಲು ಅಲ್ಲೊಂದು ಸೂಜಿ ಇಟ್ಟಿದ್ದರು. ಅಂದರೆ ಅತಿ ಹೆಚ್ಚು ಅಪಾಯ ಹೊತ್ತಿದ್ದ ವಸ್ತು ಅಗತ್ಯವೇ ಇಲ್ಲದ ವಸ್ತುವಾಗಿತ್ತು. ತೆಗೆದುಹಾಕಿದರೆ ಸಾಕು. ಸೂಜಿಯಿಲ್ಲದ ಜೋಡಣೆಗಳು ಬಳಕೆಗೆ ಬಂದದ್ದು ಇಂಥ ಲೆಕ್ಕದ ಬಲದಿಂದ.

ಇನ್ನೊಂದು ಸಂಗತಿಯೂ ಆ ಅಧ್ಯಯನದಲ್ಲಿದೆ. ಮೂರನೇ ಒಂದು ಭಾಗದಷ್ಟು ಗಾಯಗಳಾದದ್ದು ಸೂಜಿಗೆ ಮತ್ತೆ ಮುಚ್ಚಳ ಹಾಕುವಾಗ. ‘ರೀಕ್ಯಾಪ್‌ ಮಾಡಬೇಡಿ’ ಎಂಬ ಭಿತ್ತಿಪತ್ರ ಇವತ್ತು ನಮ್ಮ ವಾರ್ಡುಗಳ ಗೋಡೆಗಳಲ್ಲೂ ಇದೆ, ಅದರ ಕೆಳಗೇ ನಿಂತು ರೀಕ್ಯಾಪ್‌ ಮಾಡುವವರೂ ಇದ್ದಾರೆ. ಯಾಕೆ ಮಾಡಿದಿರಿ ಎಂದು ಜಾಗರ್‌ ತಂಡ ಕೇಳಿತು. ಸಿಬ್ಬಂದಿ ಕೊಟ್ಟ ಉತ್ತರದಲ್ಲಿ ವಿವೇಕವಿತ್ತು: ರಕ್ತದ ಸೂಜಿ ಬಿಚ್ಚಿಟ್ಟುಕೊಂಡೇ ಉಪಕರಣ ಕಳಚುವುದು ಅಪಾಯ, ಮುಚ್ಚಳವಿಲ್ಲದ ನಾಲ್ಕಾರು ಸೂಜಿ ಹಿಡಿದು ಡಬ್ಬದವರೆಗೆ ನಡೆಯುವುದು ಇನ್ನೂ ಅಪಾಯ. ಎರಡು ಅಪಾಯಗಳಲ್ಲಿ ಚಿಕ್ಕದೆಂದು ಕಂಡದ್ದನ್ನು ಅವರು ಆರಿಸಿಕೊಂಡಿದ್ದರು. ಇದಕ್ಕೆ ಭಿತ್ತಿಪತ್ರ ಮದ್ದಲ್ಲ. ಬಳಸಿದ ಸೂಜಿ ಹಾಕುವ ಬಿಳಿ ಡಬ್ಬ ಹಾಸಿಗೆಯ ಹತ್ತಿರ ಬರಬೇಕು.

ಅಮೆರಿಕದ ಕತೆಯಲ್ಲಿ ಎರಡು ಘಟ್ಟಗಳನ್ನು ಬೇರೆಬೇರೆಯಾಗಿ ನೋಡಬೇಕು. ಲಸಿಕೆ ಮಾಡಿದ ಕೆಲಸ ಒಂದು: ಅಲ್ಲಿ ಆರೋಗ್ಯ ಸಿಬ್ಬಂದಿಯ ಹೆಪಟೈಟಿಸ್‌ ಬಿ ಸೋಂಕು 1983ರಲ್ಲಿ ಸುಮಾರು 17 ಸಾವಿರ ಇದ್ದದ್ದು 1995ರ ಹೊತ್ತಿಗೆ 400ಕ್ಕೆ ಇಳಿಯಿತು. ಆದರೆ ಲಸಿಕೆ ಸೂಜಿಯನ್ನು ತಡೆಯುವುದಿಲ್ಲ, ಹೆಪಟೈಟಿಸ್‌ ಸಿ ಮತ್ತು ಎಚ್‌ಐವಿಗೆ ಲಸಿಕೆಯೂ ಇಲ್ಲ. ಎರಡನೆಯ ಘಟ್ಟ 2000ದ ನವೆಂಬರ್‌ 6ರಂದು ಸಹಿಯಾದ ಸೂಜಿಗಾಯ ತಡೆ ಕಾಯ್ದೆ. ಪ್ರತಿ ಗಾಯಕ್ಕೂ ಒಂದು ದಾಖಲೆ, ಅದರಲ್ಲಿ ಉಪಕರಣದ ಬಗೆ ಮತ್ತು ಬ್ರ್ಯಾಂಡು, ಎಲ್ಲಿ ಆಯಿತು, ಹೇಗೆ ಆಯಿತು. ಜೊತೆಗೆ, ಸುರಕ್ಷಿತ ಉಪಕರಣ ಆರಿಸುವಾಗ ಅದನ್ನು ಕೈಯಲ್ಲಿ ಹಿಡಿಯುವವರನ್ನು ಕೇಳಲೇಬೇಕು. 2001ರಲ್ಲಿ ಆಸ್ಪತ್ರೆಗಳ ಗಾಯದ ಪ್ರಮಾಣ ಸುಮಾರು ಶೇ 38ರಷ್ಟು ಕುಸಿಯಿತು. ಸುರಕ್ಷಿತ ಸೂಜಿಗಳಿಂದಲೇ ಇದು ಆಯಿತು, ದಾಖಲೆ ಪುಸ್ತಕದಿಂದಲ್ಲ ಎನ್ನುವವರಿದ್ದಾರೆ. ಒಪ್ಪೋಣ. ಯಾವ ಸೂಜಿಯನ್ನು ಮೊದಲು ಬದಲಿಸಬೇಕೆಂದು ಆಸ್ಪತ್ರೆಗೆ ಹೇಳಬಲ್ಲದ್ದು ಯಾವುದು?

ಭಾಗಿಸಲು ಬೇಕಾದ ಅಂಕಿ ನಮ್ಮಲ್ಲಿ ಇಲ್ಲವೇ? ಇದೆ. ಸರ್ಕಾರಿ ಆಸ್ಪತ್ರೆಗಳಿಗೆ ಖರೀದಿ ಮಾಡುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಎಷ್ಟು ಸಿರಿಂಜು, ಎಷ್ಟು ಐವಿ ಕ್ಯಾನುಲಾ, ಎಷ್ಟು ಲ್ಯಾನ್ಸೆಟ್‌, ಯಾವ ಕಂಪನಿಯದು ಎಂಬ ಲೆಕ್ಕ ಇಲ್ಲದೆ ಬಿಲ್‌ ಪಾಸಾಗುವುದಿಲ್ಲ. ಮೇಲಿನ ಅಂಕಿ, ಅಂದರೆ ಗಾಯದ ಲೆಕ್ಕ, ಮಾಲಿನ್ಯ ಮಂಡಳಿಯ ಕಡತದಲ್ಲಿ ಬೆತ್ತಲಾಗಿ ಕೂತಿದೆ. ಕೆಳಗಿನ ಅಂಕಿ ನಿಗಮದ ಕಂಪ್ಯೂಟರಿನಲ್ಲಿದೆ. ಎರಡನ್ನೂ ಒಂದೇ ಹಾಳೆಯ ಮೇಲೆ ತರುವ ಹೊಣೆ ಯಾರಿಗೂ ಒಪ್ಪಿಸಿಲ್ಲ. ಎನ್‌ಎಬಿಎಚ್‌ ಮಾನ್ಯತೆ ಪಡೆದ ಖಾಸಗಿ ಆಸ್ಪತ್ರೆಗಳು ಸೂಜಿಗಾಯವನ್ನು ಗುಣಮಟ್ಟದ ಸೂಚಕವಾಗಿ ಎಣಿಸುತ್ತವೆ ನಿಜ. ಅದು ಆ ಆಸ್ಪತ್ರೆಯ ಮೀಟಿಂಗಿನ ಸ್ಲೈಡಾಗಿ ಉಳಿಯುತ್ತದೆ. ಜಿಲ್ಲಾಸ್ಪತ್ರೆಗೆ, ತಾಲ್ಲೂಕು ಆಸ್ಪತ್ರೆಗೆ ಅದರಿಂದ ಕಲಿಯುವ ದಾರಿ ಇಲ್ಲ.

ಕಡ್ಡಾಯ ಮಾಡಿದರೂ ಯಾರೂ ವರದಿ ಮಾಡುವುದಿಲ್ಲ ಎಂಬುದು ಸಾಮಾನ್ಯ ಆಕ್ಷೇಪ. ಅರ್ಧ ಸತ್ಯ. ಅಮೆರಿಕದ 17 ತರಬೇತಿ ಕೇಂದ್ರಗಳ ಶಸ್ತ್ರಚಿಕಿತ್ಸಾ ಕಿರಿಯ ವೈದ್ಯರನ್ನು ಕೇಳಿದ 2007ರ ಅಧ್ಯಯನದಲ್ಲಿ, ಕೊನೆಯ ವರ್ಷ ತಲುಪುವ ಹೊತ್ತಿಗೆ ಶೇ 99ರಷ್ಟು ಮಂದಿಗೆ ಒಮ್ಮೆಯಾದರೂ ಸೂಜಿ ಚುಚ್ಚಿತ್ತು. ತೀರ ಇತ್ತೀಚಿನ ಗಾಯವನ್ನು ವರದಿ ಮಾಡದವರು ಶೇ 51. ಕಾನೂನು ಬಂದ ಮೇಲಿನ ಸ್ಥಿತಿ ಇದು. ಮುಖ್ಯ ಕಾರಣ ಏನು? ಸಮಯವಿಲ್ಲ. ನಾಚಿಕೆ, ಭಯ ಆಮೇಲೆ. ನಮ್ಮಲ್ಲಿ ಸಮಯದ ಜೊತೆ ಇನ್ನೊಂದು ಸೇರುತ್ತದೆ: ಯಾರಿಗೆ ಹೇಳಬೇಕು? ಹೊರಗುತ್ತಿಗೆಯವನ ಹಾಜರಿ ಏಜೆನ್ಸಿಯ ಪುಸ್ತಕದಲ್ಲಿ, ಕೆಲಸ ಆಸ್ಪತ್ರೆಯ ವಾರ್ಡಿನಲ್ಲಿ. ಗಾಯವಾದಾಗ ಇಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ನರ್ಸಿಂಗ್‌ ವಿದ್ಯಾರ್ಥಿನಿಯ ಪಾಡು ಇನ್ನೂ ಅತಂತ್ರ, ಆಕೆ ಲೆಕ್ಕಕ್ಕೆ ನೌಕರಳೇ ಅಲ್ಲ. ಹೆಪಟೈಟಿಸ್‌ ಬಿ ಲಸಿಕೆಯನ್ನು ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹಾಕಿಸಬೇಕೆಂದು ಅದೇ 2016ರ ನಿಯಮ ಹೇಳುತ್ತದೆ. ಲಸಿಕೆ ಪಡೆಯದವರಿಗೆ, ಸೋಂಕು ತೀವ್ರವಾಗಿರುವ ರೋಗಿಯ ಸೂಜಿ ತಾಗಿದರೆ ನೂರಕ್ಕೆ 30ರವರೆಗೂ ಹರಡುವ ಸಾಧ್ಯತೆ ಇದೆ. ಎಲ್ಲರೂ ಹೆದರುವ ಎಚ್‌ಐವಿಗೆ ಅದು ಸಾವಿರಕ್ಕೆ ಮೂರು. ಮೂರು ತಿಂಗಳಿಗೊಮ್ಮೆ ಏಜೆನ್ಸಿಯ ಹುಡುಗರು ಬದಲಾಗುವ ಕಡೆ ಆರು ತಿಂಗಳ ಮೂರು ಡೋಸು ಮುಗಿಸಿದವರೆಷ್ಟು ಎಂದು ಯಾವ ಮೆಡಿಕಲ್‌ ಸೂಪರಿಂಟೆಂಡೆಂಟರನ್ನಾದರೂ ಕೇಳಿ ನೋಡಿ.

ದಾಖಲೆ ಇಲ್ಲದಿದ್ದರೆ ಕಳೆದುಕೊಳ್ಳುವುದು ಅಂಕಿಅಂಶ ಮಾತ್ರವಲ್ಲ. 1923ರ ಪರಿಹಾರ ಕಾಯ್ದೆಯ ಜಾಗಕ್ಕೆ ಈಗ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೇ ಅನುಸೂಚಿಯ ಎ ಭಾಗದ ಮೊದಲ ನಮೂದೇ ಸಾಂಕ್ರಾಮಿಕ ರೋಗಗಳದ್ದು, ಆರೋಗ್ಯ ಸೇವೆ ಮತ್ತು ಪ್ರಯೋಗಾಲಯದ ಕೆಲಸವನ್ನು ಅದು ಹೆಸರಿಸುತ್ತದೆ. ಆ ಕೆಲಸದಲ್ಲಿರುವವರಿಗೆ ಸೋಂಕು ಬಂದರೆ ಅದನ್ನು ಕೆಲಸದಿಂದಾದ ಗಾಯವೆಂದೇ ಪರಿಗಣಿಸಬೇಕು. ಇಷ್ಟು ಗಟ್ಟಿಯಾದ ಆಸರೆ ಪುಸ್ತಕದಲ್ಲಿದೆ. ಆದರೆ ಸೋಂಕು ಮೊದಲೇ ಇತ್ತು ಎಂದು ಮಾಲೀಕ ತಕರಾರು ತೆಗೆದರೆ? ಗಾಯವಾದ ದಿನವೇ ರಕ್ತ ಪರೀಕ್ಷೆಯಾಗಿ ನೆಗೆಟಿವ್‌ ಬಂದದ್ದು, ಆರು ವಾರ, ಮೂರು ತಿಂಗಳ ಬಳಿಕ ಮತ್ತೆ ನೋಡಿದ್ದು ಕಾಗದದ ಮೇಲೆ ಇರಬೇಕು. ಮೊದಲ ದಿನದ ಹಾಳೆ ಇಲ್ಲದವರು ಬರಿಗೈಯಲ್ಲಿ ವಾದಿಸಬೇಕು.

ಇಂಥ ವ್ಯವಸ್ಥೆ ಕಟ್ಟುವುದು ನಮಗೆ ಗೊತ್ತಿಲ್ಲವೆಂದೇನಿಲ್ಲ. ರಕ್ತ ಹಾಕಿಸಿಕೊಂಡ ರೋಗಿಗೆ ಚಳಿ ನಡುಕ ಬಂದರೂ ವರದಿ ಮಾಡುವ ಹೀಮೋವಿಜಿಲೆನ್ಸ್‌ ಕಾರ್ಯಕ್ರಮ 2012ರ ಡಿಸೆಂಬರ್‌ನಿಂದ ದೇಶದಲ್ಲಿದೆ, ನೋಯಿಡಾದ ರಾಷ್ಟ್ರೀಯ ಜೈವಿಕ ಸಂಸ್ಥೆ ಅದನ್ನು ನಡೆಸುತ್ತದೆ. ವೈದ್ಯಕೀಯ ಉಪಕರಣದಿಂದಾದ ತೊಂದರೆಗೆ 2015ರಿಂದ ಮೆಟೀರಿಯೋವಿಜಿಲೆನ್ಸ್‌ ಇದೆ. ರಕ್ತ ರೋಗಿಯ ಮೈಗೆ ತಪ್ಪಾಗಿ ಸೇರಿದರೆ ರಾಷ್ಟ್ರೀಯ ದಾಖಲೆ, ಅದೇ ರಕ್ತ ನರ್ಸಿನ ಬೆರಳಿಗೆ ಸೇರಿದರೆ ತ್ಯಾಜ್ಯ ನಿಯಮದ ಒಂದು ಕಾಲಂ. ಕೋವಿಡ್‌ ಕಾಲದಲ್ಲಿ ಈ ತಾತ್ಸಾರದ ಫಲ ನೋಡಿದ್ದೇವೆ. ಸೋಂಕಿತರಾದ, ಸತ್ತ ಆರೋಗ್ಯ ಸಿಬ್ಬಂದಿಯ ಲೆಕ್ಕ ಕೇಂದ್ರದ ಮಟ್ಟದಲ್ಲಿ ಇಟ್ಟಿಲ್ಲ, ಆರೋಗ್ಯ ರಾಜ್ಯಗಳ ವಿಷಯ ಎಂದು 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ರಾಜ್ಯಸಭೆಗೆ ಹೇಳಿತು. ಭಾರತೀಯ ವೈದ್ಯಕೀಯ ಸಂಘ ರೇಗಿ 382 ವೈದ್ಯರ ಹೆಸರಿನ ಪಟ್ಟಿ ಹೊರಡಿಸಿತು. ವೈದ್ಯರಿಗೆ ಸಂಘವಿತ್ತು, ಪಟ್ಟಿ ಬಂತು. ಆಯಾಗಳ ಪಟ್ಟಿ ಯಾರು ಮಾಡಬೇಕಿತ್ತು?

ರಾಜ್ಯಗಳ ವಿಷಯ ಎಂದೇ ಆಗಲಿ. ಹಾಗಿದ್ದರೆ ದಿಲ್ಲಿಗೆ ಕಾಯುವ ಕಾರಣವೂ ಇಲ್ಲ. ಖಾಸಗಿ ಆಸ್ಪತ್ರೆಗಳನ್ನು ನೋಂದಾಯಿಸುವ ಕೆಪಿಎಂಇ ಕಾಯ್ದೆ ರಾಜ್ಯದ ಕೈಯಲ್ಲಿದೆ, ಸರ್ಕಾರಿ ಆಸ್ಪತ್ರೆಗಳಂತೂ ಅದರವೇ. ಗಾಯದ ಹಾಳೆ ತಿಂಗಳಿಗೊಮ್ಮೆ ಆರೋಗ್ಯ ಇಲಾಖೆಗೆ ಹೋಗಲಿ, ಅದರಲ್ಲಿ ಗಾಯಾಳುವಿನ ಹೆಸರು ಬೇಡ, ಉಪಕರಣದ ಹೆಸರು ಬೇಕು. ಹೊರಗುತ್ತಿಗೆಯವರ, ವಿದ್ಯಾರ್ಥಿಗಳ ಗಾಯ ಆಸ್ಪತ್ರೆಯ ಲೆಕ್ಕಕ್ಕೇ ಸೇರಲಿ. ಸುರಕ್ಷಿತ ಕ್ಯಾನುಲಾ ದುಬಾರಿ ಎಂಬ ಮಾತು ಟೆಂಡರ್‌ ಸಮಿತಿಯಲ್ಲಿ ಬಂದೇ ಬರುತ್ತದೆ. ಅಗ್ಗದ ಕ್ಯಾನುಲಾದಿಂದ ಲಕ್ಷಕ್ಕೆ ಎಷ್ಟು ಗಾಯ, ಒಂದೊಂದು ಗಾಯಕ್ಕೆ ಪರೀಕ್ಷೆ ಎಷ್ಟು, 28 ದಿನದ ಮಾತ್ರೆ ಎಷ್ಟು, ರಜೆ ಎಷ್ಟು ಎಂಬ ಲೆಕ್ಕ ಮೇಜಿನ ಮೇಲಿಲ್ಲದ ತನಕ ಅತಿ ಕಡಿಮೆ ದರ ಹಾಕಿದವರು ಗೆಲ್ಲುತ್ತಲೇ ಇರುತ್ತಾರೆ.