ಕಮಾನಿಗೆ ದುಡ್ಡಿದೆ, ಮಕ್ಕಳ ಕೈಗೆ ನೀರಿಲ್ಲ!

ಊರ ಬಂಧುಗಳೇ, ತಾಯಂದಿರೇ,

ಬರುವ ಸೋಮವಾರ ಗ್ರಾಮಸಭೆ. ಅದಕ್ಕೆ ಮೊದಲು ಒಮ್ಮೆ ನಮ್ಮ ಸರ್ಕಾರಿ ಶಾಲೆಯ ಹಿತ್ತಲಿಗೆ ಹೋಗಿ ನೋಡಿ. ಕೊರೊನಾ ಕಾಲದಲ್ಲಿ ಕೂರಿಸಿದ ಕೈತೊಳೆಯುವ ತೊಟ್ಟಿ ಅಲ್ಲಿದೆ. ಕಾಲಲ್ಲಿ ಒತ್ತುವ ಪೆಡಲ್ ತುಕ್ಕು ಹಿಡಿದು ಮಣ್ಣು ಕಚ್ಚಿದೆ. ಎರಡು ನಲ್ಲಿ ಮುರಿದಿವೆ, ಉಳಿದವು ಒಣಗಿವೆ. ತೊಟ್ಟಿಯ ತುಂಬ ಪಾನ್ ಮಸಾಲಾ ಚೀಟಿ. ದಾನಿಗಳ ಹೆಸರು ಮಾತ್ರ ಫಳಫಳ ಹೊಳೆಯುತ್ತಿದೆ! ಊಟದ ಬೆಲ್ ಹೊಡೆದರೆ ಮಕ್ಕಳು ಒಂದೇ ಬಕೆಟ್ಟಿಗೆ ಸಾಲಾಗಿ ಕೈ ಅದ್ದಿ, ಅಂಗಿಗೆ ಒರೆಸಿಕೊಂಡು ಬಿಸಿಯೂಟಕ್ಕೆ ಕೂರುತ್ತಾರೆ. ಕೊನೆಯ ಮಗುವಿನ ಪಾಲಿಗೆ ಉಳಿಯುವ ನೀರು ಯಾವ ಬಣ್ಣದ್ದೆಂದು ಕಣ್ಣಾರೆ ನೋಡಿ.

2020ರ ಮಾರ್ಚ್‌ನಲ್ಲಿ ಶಾಲೆಗೆ ಬೀಗ ಬಿತ್ತು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಕಲಿತ ಅಕ್ಷರ ಮರೆತುಹೋಯಿತು, ಬಿಸಿಯೂಟ ತಪ್ಪಿತು. ಅಷ್ಟೆಲ್ಲ ಕಳೆದುಕೊಂಡ ಮಕ್ಕಳಿಗೆ ದಕ್ಕಿದ್ದು ಒಂದೇ ಒಂದು ಒಳ್ಳೆಯ ಅಭ್ಯಾಸ: ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯುವುದು. ಅದನ್ನೂ ಕಿತ್ತುಕೊಂಡೆವು!

ಸೋಪು ಸಾಮಾನ್ಯದ್ದಲ್ಲ. ಕೊರೊನಾ ವೈರಾಣುವಿನ ಮೈಮೇಲಿನ ಕೊಬ್ಬಿನ ಪದರವನ್ನೇ ಅದು ಒಡೆದು ಹಾಕುತ್ತದೆ. ವಾಂತಿಭೇದಿ ಹರಡದಂತೆ ತಡೆಯುವುದೂ ಅದೇ. ವರ್ಷವರ್ಷ ಶಾಲೆಯಲ್ಲಿ ಸಾಲು ನಿಲ್ಲಿಸಿ ಜಂತುಹುಳದ ಮಾತ್ರೆ ನುಂಗಿಸುತ್ತಾರೆ; ಅದೇ ಮಕ್ಕಳು ಕೊಳಕು ಕೈಯಲ್ಲೇ ಅನ್ನ ಕಲಸುತ್ತಾರೆ. ಇದಕ್ಕಿಂತ ಅನ್ಯಾಯ ಇನ್ನೇನಿದೆ? ಶಾಲೆ, ಅಂಗನವಾಡಿಗಳಿಗೆ ನಲ್ಲಿ ನೀರು ಕೊಡುತ್ತೇವೆಂದು ಜಲ ಜೀವನ್ ಮಿಷನ್ ಅಡಿ 2020ರ ಅಕ್ಟೋಬರ್ 2ರಂದು 100 ದಿನಗಳ ಅಭಿಯಾನ ಶುರುವಾಯಿತು. ನಮ್ಮ ಮಕ್ಕಳ ಪಾಲಿನ ನೀರು ಎಲ್ಲಿ, ಸ್ವಾಮಿ?

"ಕೊರೊನಾ ಹೋಯಿತಲ್ಲ" ಎನ್ನುವ ಮಹಾನುಭಾವರಿದ್ದಾರೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಮುಗಿಯಿತೆಂದಿತು, ವೈರಾಣು ಇಲ್ಲವಾಯಿತು ಎನ್ನಲಿಲ್ಲ. ಭೇದಿಯೂ ನಿಮಗೆ ಹೇಳಿ ಊರು ಬಿಟ್ಟಿತೇನು? "ನಾವೇನು ಸೋಪು ಹಾಕಿಕೊಂಡು ಬೆಳೆದೆವಾ?" ಎಂದು ಮೀಸೆ ತಿರುವುವವರೂ ಇದ್ದಾರೆ. ಬೆಳೆದು ನಿಂತವರು ಹಾಗೆ ಕೇಳಬಹುದು. ಭೇದಿಗೆ ತುತ್ತಾಗಿ ತೊಟ್ಟಿಲಲ್ಲೇ ಹೋದ ಒಡಹುಟ್ಟಿದವರು ಕೇಳಲಾರರು.

ಇನ್ನು ನಮ್ಮ ಹಳೆ ವಿದ್ಯಾರ್ಥಿಗಳ ಸಂಘ! ಶಾಲೆಯ ಮುಂದೆ ಕಮಾನು ಕಟ್ಟಲು ಮನೆಮನೆಗೆ ಬಂದು ರಸೀದಿ ಹರಿಯುತ್ತಿದ್ದಾರೆ. ಗ್ರಾನೈಟ್ ಹಾಕಿಸುತ್ತಾರಂತೆ, ಹೆಸರು ಕೆತ್ತಿಸುತ್ತಾರಂತೆ. ನೀವು ಓದಿದ ಶಾಲೆಯ ಮೇಲೆ ನಿಮಗೆ ನಿಜಕ್ಕೂ ಪ್ರೀತಿ ಇದ್ದರೆ ಹಿತ್ತಲಿಗೆ ಯಾಕೆ ಕಾಲಿಡುವುದಿಲ್ಲ? ತಮ್ಮ ಮಕ್ಕಳನ್ನು ಕಾನ್ವೆಂಟ್ ಬಸ್ಸು ಹತ್ತಿಸಿ ಸರ್ಕಾರಿ ಶಾಲೆಯ ಉದ್ಧಾರದ ಭಾಷಣ ಬಿಗಿಯುವ ಪಂಚಾಯಿತಿ ಸದಸ್ಯರಿಗೂ ಇದೇ ಪ್ರಶ್ನೆ. ಮೇಷ್ಟ್ರ ಮೇಲೆ, ಅಡುಗೆ ಮಾಡುವ ಅಕ್ಕಂದಿರ ಮೇಲೆ ತಪ್ಪು ಹೊರಿಸಬೇಡಿ. ದೂರದಿಂದ ಕೊಡ ಹೊತ್ತು ತರುವವರು ಅವರೇ.

ನಾವು ಕಮಾನಿನ ವಿರೋಧಿಗಳಲ್ಲ. ಆದರೆ ಮೊದಲು ನೀರು, ಆಮೇಲೆ ಕಲ್ಲು. ಪಂಚಾಯಿತಿಯವರೇ, ಹೇಗೆ ತರುತ್ತೀರೋ ನಮಗೆ ಗೊತ್ತಿಲ್ಲ, ಶಾಲೆಯ ನಲ್ಲಿಯಲ್ಲಿ ನೀರು ಬರಲೇಬೇಕು!

ಸೋಮವಾರ ಕೂಲಿ ಒಂದು ಹೊತ್ತು ತಪ್ಪಿದರೂ ಸರಿ, ಗ್ರಾಮಸಭೆಗೆ ಬನ್ನಿ. ತಾಯಂದಿರು ಮುಂದಿನ ಸಾಲಿನಲ್ಲಿ ಕೂತು ಈ ವಿಷಯ ನಡಾವಳಿ ಪುಸ್ತಕಕ್ಕೆ ಬರೆಸುವವರೆಗೆ ಏಳಬೇಡಿ.

ಇಂತಿ,
ಸರ್ಕಾರಿ ಶಾಲೆ ಮಕ್ಕಳ ತಂದೆತಾಯಂದಿರು