ನೋವಿನ ಮಾತ್ರೆ ಮಾರಿದವರು, ಚೀಟಿ ಬರೆದವರು

ಅಮೆರಿಕಕ್ಕೆ ಬರಲು ಪರೀಕ್ಷೆಗಳ ಸಿದ್ಧತೆ ನಡೆಸಿರುವ ಕಿರಿಯ ವೈದ್ಯರು ನನ್ನನ್ನು ಕೇಳುವುದು ಸಂಬಳ, ವೀಸಾ, ರೆಸಿಡೆನ್ಸಿ ಸೀಟುಗಳ ವಿಚಾರ. ಔಷಧ ಕಂಪನಿಗಳ ವಿಚಾರವನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಕಾನೂನು ಬಿಗಿ, ಆದ್ದರಿಂದ ವ್ಯಾಪಾರವೂ ಶುದ್ಧ ಎಂಬ ನಂಬಿಕೆ ನಮ್ಮ ಕಡೆಯ ಮನೆಗಳಲ್ಲಿ ಗಟ್ಟಿಯಾಗಿದೆ. ತೊಂಬತ್ತರ ದಶಕದ ಕೊನೆಯಲ್ಲಿ ಇಲ್ಲಿಗೆ ಬಂದಾಗ ನನಗೂ ಅದೇ ನಂಬಿಕೆಯಿತ್ತು.

ಪರ್ಡ್ಯೂ ಫಾರ್ಮಾ ಸಂಸ್ಥೆ ಆಕ್ಸಿಕಾಂಟಿನ್ ಎಂಬ ನೋವು ನಿವಾರಕ ಮಾತ್ರೆಯನ್ನು ಮಾರುಕಟ್ಟೆಗೆ ತಂದದ್ದು 1996ರಲ್ಲಿ. ಅದು ಅಫೀಮಿನ ಕುಲಕ್ಕೆ ಸೇರಿದ ಔಷಧ. ನಿಧಾನವಾಗಿ ರಕ್ತಕ್ಕೆ ಸೇರುವುದರಿಂದ ಚಟದ ಅಪಾಯ ಕಡಿಮೆಯೆಂದು ಕಂಪನಿಯ ಪ್ರತಿನಿಧಿಗಳು ವೈದ್ಯರನ್ನು ನಂಬಿಸಿದರು. ಚಟ ಹತ್ತುವವರು ಶೇಕಡಾ ಒಂದಕ್ಕಿಂತ ಕಡಿಮೆ ಎಂಬ ಮಾತು ಆಗ ವೈದ್ಯರ ನಡುವೆ ವೇದವಾಕ್ಯದಂತೆ ಓಡಾಡುತ್ತಿತ್ತು. ಅದಕ್ಕೆ ಆಧಾರವಾಗಿ ತೋರಿಸುತ್ತಿದ್ದುದು 1980ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ್ದ ಒಂದೇ ಪ್ಯಾರಾದ ಪತ್ರ. ಆಸ್ಪತ್ರೆಗೆ ದಾಖಲಾಗಿ ಇಂಥ ಔಷಧ ಪಡೆದ 11,882 ರೋಗಿಗಳ ಪೈಕಿ ನಾಲ್ವರಿಗಷ್ಟೇ ಚಟ ಕಂಡುಬಂತೆಂದು ಅದರಲ್ಲಿತ್ತು. ಮಾತ್ರೆಗಳನ್ನು ಮನೆಗೆ ಒಯ್ದು ತಿಂಗಳುಗಟ್ಟಲೆ ನುಂಗುವವರ ಕುರಿತು ಆ ಪತ್ರ ಏನನ್ನೂ ಹೇಳಿರಲಿಲ್ಲ. ತೆರೆದು ಓದಿದ್ದರೆ ಐದು ನಿಮಿಷ ಸಾಕಿತ್ತು, ನಾನು ಓದಲಿಲ್ಲ.

ಈ ಮಾತ್ರೆಗಳು ಮೊದಲು ಹಬ್ಬಿದ ನಾಡುಗಳಲ್ಲಿ ವೆಸ್ಟ್ ವರ್ಜೀನಿಯಾ, ಕೆಂಟಕಿಯ ಕಲ್ಲಿದ್ದಲು ಪ್ರದೇಶವೂ ಒಂದು. ಬೆನ್ನು, ಮೊಣಕಾಲು ಸವೆಸಿಕೊಂಡ ದುಡಿಯುವ ಜನ ಅಲ್ಲಿ ಹೇರಳ. ಅಂಥ ಒಬ್ಬ ಗಣಿ ಕಾರ್ಮಿಕ ನನ್ನ ಬಳಿಗೂ ಬರುತ್ತಿದ್ದ. ಅದೇ ವರ್ಗದ ಮಾತ್ರೆಗೆ ಚೀಟಿ ಬರೆದವನು ನಾನು, ಪ್ರಮಾಣ ಹೆಚ್ಚಿಸಿದವನೂ ನಾನೇ. ಕೆಲವು ತಿಂಗಳ ಬಳಿಕ, ಮಾತ್ರೆಗಳು ಕಳೆದುಹೋದವೆಂದು ಅವನು ಅವಧಿಗೆ ಮೊದಲೇ ಬಂದ. ಸುಳ್ಳುಗಾರನೆಂದು ಗದರಿ ಕಳುಹಿಸಿಬಿಟ್ಟೆ. ಅವನು ಮತ್ತೆ ಬರಲಿಲ್ಲ. ಸುಳ್ಳು ಹೇಳಿದ್ದು ಅವನ ಕಾಯಿಲೆ, ಆ ಕಾಯಿಲೆ ಕೊಟ್ಟವನು ನಾನು ಎಂಬುದು ಹೊಳೆಯಲು ನನಗೆ ವರ್ಷಗಳೇ ಬೇಕಾದವು.

2007ರಲ್ಲಿ ಪರ್ಡ್ಯೂವಿನ ಸೋದರ ಸಂಸ್ಥೆಯೂ ಮೂವರು ಹಿರಿಯ ಅಧಿಕಾರಿಗಳೂ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ತೆತ್ತ ಮೊತ್ತ 60 ಕೋಟಿ ಡಾಲರಿಗೂ ಹೆಚ್ಚು. ಜೈಲಿಗೆ ಹೋದವರು ಯಾರೂ ಇಲ್ಲ. ಮಾರಾಟವೂ ನಿಲ್ಲಲಿಲ್ಲ. 2020ರಲ್ಲಿ ಪರ್ಡ್ಯೂ ಮತ್ತೊಮ್ಮೆ ಅಪರಾಧ ಒಪ್ಪಿಕೊಂಡಿತು. ದಂಡವು ಸಾಗಣೆ ವೆಚ್ಚದಂತೆ, ಬಾಡಿಗೆಯಂತೆ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲಾಗುವುದಾದರೆ ಅದನ್ನು ಶಿಕ್ಷೆ ಎನ್ನಲು ನನಗೆ ಮನಸ್ಸು ಬಾರದು. ಮೋಸವೆಂದು ತಿಳಿದೂ ಆದೇಶ ಕೊಟ್ಟವನ ಮೈಗೆ ಬಿಸಿ ತಟ್ಟಬೇಕು.

ಆದರೆ ಕಂಪನಿಯನ್ನಷ್ಟೇ ದೂರಿ ನಮ್ಮ ವೃತ್ತಿ ಕೈತೊಳೆದುಕೊಳ್ಳುವಂತಿಲ್ಲ. ವೈದ್ಯನ ಸಹಿಯಿಲ್ಲದೆ ಆ ಮಾತ್ರೆ ಅಂಗಡಿಯಿಂದ ಹೊರಬೀಳುತ್ತಿರಲಿಲ್ಲ. ಯಾವ ಕಂಪನಿ ಯಾವ ವೈದ್ಯನಿಗೆ ಏನು ಕೊಟ್ಟಿತೆಂಬುದನ್ನು ಇಲ್ಲಿನ ಸರ್ಕಾರ 2014ರಿಂದ ‘ಓಪನ್ ಪೇಮೆಂಟ್ಸ್’ ಜಾಲತಾಣದಲ್ಲಿ ಪ್ರಕಟಿಸುತ್ತಿದೆ. ಮಧ್ಯಾಹ್ನದ ಊಟದ ಲೆಕ್ಕವೂ ಅಲ್ಲಿರುತ್ತದೆ. ಇದನ್ನು ಹೇಳಿದ ರಾತ್ರಿಯೇ ದಾವಣಗೆರೆಯಲ್ಲಿರುವ ತಂಗಿಯ ಮಗ ನನ್ನ ಹೆಸರನ್ನು ಹುಡುಕಿ, ಫೋನ್ ಮಾಡಿ ನಕ್ಕ: “ಮಾವ, ಹದಿನಾಲ್ಕು ಡಾಲರಿನ ಊಟ ಮಾಡಿದ್ದೀರಿ.” ಯಾವ ಔಷಧದ ಸಲುವಾಗಿ ಎಂಬುದೂ ಅಲ್ಲಿತ್ತು. ಅಂದು ಏನು ತಿಂದೆನೋ ನೆನಪಿಲ್ಲ. ಆ ಔಷಧವನ್ನು ಈಗಲೂ ಬರೆಯುತ್ತಿದ್ದೇನೆ.