ಬಿಸಿಲಿಗೂ ಸೂತಕವೇ?

ನಗರಗಳ ವಸತಿ ಸಂಕೀರ್ಣಗಳಲ್ಲಿ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕಬಾರದೆಂಬ ನಿಯಮವನ್ನು ಕೇಳಿ ನಾವು ಹಳ್ಳಿಗರು ನಗುತ್ತೇವೆ. ಕಟ್ಟಡದ ಅಂದ ಕೆಡುತ್ತದಂತೆ! ಅಮೆರಿಕದ ಫ್ಲೋರಿಡಾದಲ್ಲಿ ಬಟ್ಟೆಯ ಹಗ್ಗವನ್ನು ನಿಷೇಧಿಸಕೂಡದೆಂದು ಕಾನೂನನ್ನೇ ಮಾಡಬೇಕಾಯಿತೆಂದರೆ, ಈ ಹುಸಿ ಅಂದದ ಹುಚ್ಚು ಎಷ್ಟು ದೂರ ಹಬ್ಬಿದೆಯೆಂದು ಊಹಿಸಬಹುದು.

ಆದರೆ ನಗುವ ಅಧಿಕಾರ ನಮಗಿದೆಯೇ? ನಮ್ಮ ಬಿಳೂರಿನಂಥ ಊರುಗಳಲ್ಲಿ ಗಂಡಸರ ಧೋತರ, ಅಂಗಿಗಳು ಅಂಗಳದ ಹಗ್ಗದ ಮೇಲೆ ಬಾವುಟದಂತೆ ಹಾರಾಡುತ್ತವೆ. ಹೆಣ್ಣುಮಕ್ಕಳ ಒಳಉಡುಪುಗಳು ಮಾತ್ರ ಸೀರೆಯ ಮರೆಯಲ್ಲಿ ಅಡಗಬೇಕು. ಮುಟ್ಟಿನ ಬಟ್ಟೆಗಂತೂ ಬೆಳಕೇ ನಿಷಿದ್ಧ. ಬಚ್ಚಲಿನ ಮೂಲೆಯಲ್ಲೋ ಕಟ್ಟಿಗೆಯ ಸಂದಿನಲ್ಲೋ ಅರೆಬರೆ ಒಣಗಿ ಮತ್ತೆ ಮೈಗೇರುತ್ತದೆ. ಹಸಿ ಬಟ್ಟೆಯಲ್ಲಿ ರೋಗಾಣುಗಳು ಬೆಳೆಯುತ್ತವೆ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿರೆಂದು ವೈದ್ಯರು ಹೇಳುತ್ತಲೇ ಇದ್ದಾರೆ. ಜತ್ತ ತಾಲೂಕಿಗೆ ನೀರಿನ ಬರವುಂಟು, ಬಿಸಿಲಿನ ಬರವಿಲ್ಲ. ಕಾಸಿಲ್ಲದೆ ದೊರೆವ ಈ ಔಷಧವನ್ನು ಮನೆಯ ಅರ್ಧ ಜನರಿಗೆ ನಿರಾಕರಿಸಿ, ಅದಕ್ಕೆ ಮರ್ಯಾದೆಯೆಂದು ಹೆಸರಿಟ್ಟಿದ್ದೇವೆ.

ಯಾರ ಮರ್ಯಾದೆ? ಹಗ್ಗವನ್ನು ನೋಡಿ ಕಿಸಕ್ಕನೆ ನಗುವವನಿಗಿಲ್ಲದ ನಾಚಿಕೆಯನ್ನು ಬಟ್ಟೆ ಒಗೆದವಳ ಮೇಲೆ ಹೇರುವುದು ಎಲ್ಲಿಯ ನ್ಯಾಯ? 12ನೆಯ ಶತಮಾನದ ಶರಣರು ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯನನ್ನು ತಮ್ಮಲ್ಲಿ ಹಿರಿಯನೆಂದು ಗೌರವಿಸಿದರು. ರಜಸ್ಸೂತಕವೂ ಸೇರಿದಂತೆ ಪಂಚಸೂತಕಗಳನ್ನು ತಳ್ಳಿಹಾಕಿದರು. ಅವರ ವಚನಗಳನ್ನು ವೇದಿಕೆಯ ಮೇಲೆ ಹಾಡಿಸುವ ನಾವು, ಅದೇ ಸೂತಕವನ್ನು ಹಿತ್ತಿಲಿನಲ್ಲಿ ಇನ್ನೂ ಸಾಕಿಕೊಂಡಿದ್ದೇವೆ.

ಗಡಿನಾಡಿನ ಬಂಧುಗಳಲ್ಲಿ ನಮ್ಮ ಬೇಡಿಕೆ ಇಷ್ಟೇ: ಮನೆಯ ಗಂಡಸರು ಬಿಸಿಲು ಬೀಳುವ ಕಡೆ ಒಂದು ಹಗ್ಗವನ್ನು ತಾವೇ ಕಟ್ಟಿಕೊಡಲಿ, ಅದರ ಮೇಲೆ ಏನು ಒಣಗುತ್ತಿದೆಯೆಂದು ಕೇಳದಿರಲಿ.